ಕೊಟ್ಟ ಹಣಕ್ಕೆ ಕೊಂಡದ್ದೇನು?

ತಂಗಿಯ ಮಗಳ ಮದುವೆಗೆ ಸೀರೆ ತೆಗೆಯಲೆಂದು ಉಮ್ಮನನ್ನು ಕರೆದುಕೊಂಡು ಮಂಗಳೂರಿನ ದೊಡ್ಡ ಜವಳಿ ಮಳಿಗೆಯೊಂದಕ್ಕೆ ಹೋಗಿದ್ದೆವು. ನಮಗೆ ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಕುಡಿಯಲು ಶರಬತ್ತು. ಸೀರೆ ತೋರಿಸಲು ನಿಂತ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತೆರಡು ವರ್ಷ. ಒಂದೂವರೆ ಗಂಟೆ ಅವಳು ಬಿಡಿಸಿದಳು, ಹೆಗಲ ಮೇಲೆ ಹಾಕಿ ತೋರಿಸಿದಳು, ಮಡಚಿದಳು. ಬಣ್ಣ ಸರಿಯಿಲ್ಲ, ಅಂಚು ಸಣ್ಣದಾಯಿತು ಎಂದು ನಮ್ಮವರು ಬದಿಗೆ ಸರಿಸಿದ ಸೀರೆಗಳು ರಾಶಿ ಬಿದ್ದವು. ಅವಳ ಮುಖದ ನಗು ಮಾತ್ರ ಮಾಸಲಿಲ್ಲ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಉಮ್ಮ ಕಂಡಿದ್ದರು. “ನೀನು ಸ್ವಲ್ಪ ಕೂತ್ಕೊ ಮಗಳೇ, ಇಷ್ಟನ್ನು ನಾವು ನೋಡ್ತಾ ಇರ್ತೇವೆ” ಎಂದರು. ಹುಡುಗಿ ಮೇಲೆ ಮೂಲೆಯಲ್ಲಿದ್ದ ಕ್ಯಾಮೆರಾದ ಕಡೆಗೊಮ್ಮೆ ನೋಡಿ, “ಪರವಾಗಿಲ್ಲಮ್ಮ, ಅಭ್ಯಾಸ ಆಗಿದೆ” ಎಂದಳು. ಅವಳ ಹಿಂದೆ ಕೂರಲು ಒಂದು ಸ್ಟೂಲೂ ಇರಲಿಲ್ಲ.

ಹಿಂದಿರುಗುವಾಗ ಉಮ್ಮ ಮಾತಾಡಲಿಲ್ಲ. ನಾನೇ ಸಮಾಧಾನ ಹೇಳುವವನಂತೆ, “ಅದು ಅವರ ಕೆಲಸ, ಅದಕ್ಕೇ ಸಂಬಳ ಕೊಡುವುದು” ಎಂದೆ. ಉಮ್ಮ ಕೇಳಿದರು: “ಸಂಬಳ ಸೀರೆ ತೋರಿಸಲಿಕ್ಕೋ, ನಿಲ್ಲಲಿಕ್ಕೋ?”

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಮುದುಕಿಯ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಯೋಚಿಸಿದಷ್ಟೂ ಇದು ಅಂಗಡಿಯ ಪ್ರಶ್ನೆಯಷ್ಟೇ ಅಲ್ಲ ಎನಿಸತೊಡಗಿತು. ಹಣ ಕೊಟ್ಟು ಸೇವೆ ಪಡೆಯುವಾಗ ಎದುರಿಗಿರುವ ಮನುಷ್ಯನಲ್ಲಿ ನಾವು ಕೊಳ್ಳುವುದೆಷ್ಟು? ಕೊಳ್ಳಲಾಗದೆ ಉಳಿಯುವುದು ಯಾವುದು?

ಕೂರುವ ಹಕ್ಕಿಗಾಗಿ ನಮ್ಮ ನೆರೆಯಲ್ಲೇ ಒಂದು ಹೋರಾಟ ನಡೆದಿದೆ. ಕೋಝಿಕ್ಕೋಡಿನ ಮಿಠಾಯಿ ತೆರುವು ಜವಳಿ ಅಂಗಡಿಗಳ ಬೀದಿ. ಅಲ್ಲಿನ ಮಾರಾಟದ ಹೆಣ್ಣುಮಕ್ಕಳು ದಿನದುದ್ದಕ್ಕೂ ನಿಂತೇ ಇರಬೇಕಿತ್ತು. ಗೋಡೆಗೆ ಒರಗಿದರೂ ದಂಡ ಬೀಳುತ್ತಿತ್ತು, ಶೌಚಕ್ಕೆ ಹೋಗಬೇಕಾದೀತೆಂದು ನೀರು ಕುಡಿಯಲೂ ಹೆದರುತ್ತಿದ್ದರು. ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬ ಮಹಿಳೆ ಇವರನ್ನು ‘ಪೆಣ್‌ಕೂಟ್ಟು’ ಎಂಬ ಹೆಸರಿನಲ್ಲಿ ಒಗ್ಗೂಡಿಸಿದರು. ಅವರು ಮೊದಲು ಶೌಚಾಲಯಕ್ಕಾಗಿ ಹೋರಾಡಿದರು, ನಂತರ ಕುರ್ಚಿಗಾಗಿ. ವರ್ಷಗಳ ಚಳವಳಿಯ ಫಲವಾಗಿ 2018ರಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರುವ ವ್ಯವಸ್ಥೆ ಮಾಡುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಮನುಷ್ಯರಿಗೆ ಕೂರಲು ಅವಕಾಶ ಕೊಡಿ ಎಂದು ಶಾಸನಸಭೆ ಕಾನೂನು ಮಾಡಬೇಕಾಗಿ ಬಂದದ್ದು ಹೆಮ್ಮೆಯೋ ನಾಚಿಕೆಯೋ, ಓದುಗರೇ ಹೇಳಬೇಕು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಂಗಡಿಯ ಆಡಳಿತ ತನ್ನ ಸುಖಕ್ಕಾಗಿ ಇವರನ್ನು ನಿಲ್ಲಿಸಿದ್ದಾಗಿ ಎಲ್ಲಿಯೂ ಹೇಳುವುದಿಲ್ಲ. ಕುಳಿತರೆ ಗ್ರಾಹಕರಿಗೆ ಅಗೌರವವಾಗುತ್ತದೆ ಎನ್ನುತ್ತದೆ. ಅಂದರೆ ಆ ಹುಡುಗಿಯನ್ನು ನಿಲ್ಲಿಸಿದ್ದು ನಾನು ಮತ್ತು ನೀವು! ನಮ್ಮನ್ನು ಯಾರಾದರೂ ಕೇಳಿದ್ದರೇ? ಉಮ್ಮ ಬಾಯಿಬಿಟ್ಟು ಕೂರಲು ಹೇಳಿದರೂ ಅವಳು ಕೂರಲಿಲ್ಲ. ಅವಳು ಗೌರವಿಸಬೇಕಾಗಿದ್ದ ಗ್ರಾಹಕರು ನಾವಲ್ಲ. ಆಡಳಿತ ಮಂಡಳಿಯ ಕೋಣೆಯಲ್ಲಿ ಕಲ್ಪಿತನಾದ ಇನ್ನೊಬ್ಬ ಗ್ರಾಹಕನಿದ್ದಾನೆ. ಅವನಿಗೆ ಸದಾ ಅವಸರ, ಸದಾ ಅಸಮಾಧಾನ, ಎಷ್ಟು ಬಾಗಿದರೂ ಸಾಲದು. ಆ ಕಲ್ಪಿತ ಗ್ರಾಹಕನ ಹೆಸರಿನಲ್ಲಿ ಎಲ್ಲವನ್ನೂ ಸಮರ್ಥಿಸಿಕೊಳ್ಳಲಾಗುತ್ತದೆ.

ನಮ್ಮ ಬ್ಯಾಂಕುಗಳಲ್ಲೂ ಅಂಚೆ ಕಚೇರಿಗಳಲ್ಲೂ ಗಾಂಧೀಜಿಯ ಚಿತ್ರದ ಕೆಳಗೆ ಒಂದು ಫಲಕ ತೂಗುವುದನ್ನು ನೀವು ಕಂಡಿರಬಹುದು. ಗ್ರಾಹಕ ನಮ್ಮನ್ನು ಅವಲಂಬಿಸಿಲ್ಲ, ನಾವೇ ಅವನನ್ನು ಅವಲಂಬಿಸಿದ್ದೇವೆ ಎಂಬರ್ಥದ ಮಾತು ಅದು. ಗಾಂಧೀಜಿ ಇದನ್ನು ಹೇಳಿದ್ದಕ್ಕೆ ಆಧಾರವಿಲ್ಲ. 1940ರ ದಶಕದ ಆರಂಭದಲ್ಲಿ ಅಮೆರಿಕದ ಒಂದು ಕಾರು ಕಂಪೆನಿಯ ಮಾರಾಟ ವಿಭಾಗದ ಅಧಿಕಾರಿಯ ಬಾಯಲ್ಲಿ ಇದೇ ಮಾತು ಅಚ್ಚಾಗಿದೆ. ಮಾರಾಟದ ಉಪದೇಶವೊಂದು ಸಂತನ ಚಿತ್ರದ ಕೆಳಗೆ ಸೇರಿಕೊಂಡದ್ದು ಬರೀ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ವ್ಯಾಪಾರ ತನ್ನ ಅಗತ್ಯವನ್ನು ಧರ್ಮದ ಭಾಷೆಯಲ್ಲಿ ಹೇಳಲು ಸದಾ ಇಷ್ಟಪಡುತ್ತದೆ.

‘ಸೇವೆ’ ಎಂಬ ಪದವನ್ನೇ ನೋಡಿ. ಕನ್ನಡದಲ್ಲಿ ಅದು ಎಷ್ಟು ಕಡೆ ಓಡಾಡುತ್ತದೆ! ಸಮಾಜ ಸೇವೆ, ಸೇವಾ ಜ್ಯೇಷ್ಠತೆ, ಸೇವಾ ಶುಲ್ಕ. 1994ರಲ್ಲಿ ದೂರವಾಣಿ, ವಿಮೆ, ಶೇರು ದಲ್ಲಾಳಿ ಎಂಬ ಮೂರೇ ಬಾಬತ್ತುಗಳ ಮೇಲೆ ಶೇ. 5ರ ಸೇವಾ ತೆರಿಗೆ ಬಂತು. 2017ರಲ್ಲಿ ಜಿಎಸ್‌ಟಿಯೊಳಗೆ ಕರಗುವ ಹೊತ್ತಿಗೆ ಅದು ಬದುಕಿನ ಹೆಚ್ಚುಕಡಿಮೆ ಎಲ್ಲ ಮೂಲೆಗಳನ್ನೂ ಮುಟ್ಟಿತ್ತು. ಆದರೆ ನಮ್ಮ ಕರಾವಳಿಯಲ್ಲಿ ಪದಕ್ಕೆ ಇನ್ನೊಂದು ಬಳಕೆಯೂ ಇದೆ. ದೇವಸ್ಥಾನದಲ್ಲಿ ಸೇವೆಯ ದರಪಟ್ಟಿ ಇರುತ್ತದೆ. ಯಕ್ಷಗಾನ ಮೇಳಕ್ಕೆ ಹಣ ಕೊಟ್ಟು ಸೇವೆಯಾಟ ಆಡಿಸುವವರಿದ್ದಾರೆ. ಅಲ್ಲಿ ಹಣ ಕೊಡುವವನೇ ಸೇವೆ ಸಲ್ಲಿಸುವವನು. ಹೋಟೆಲಿನಲ್ಲಿ ಹಣ ಕೊಡುವವನು ಸೇವೆ ಪಡೆಯುವವನು. ಅದೇ ಪದ, ಅದೇ ಹಣ, ಆದರೆ ಬಾಗುವ ತಲೆ ಬೇರೆ. ಹಿಂದೆ ಎರಡನೆಯದಕ್ಕೆ ನಮ್ಮಲ್ಲಿ ‘ಚಾಕರಿ’ ಎಂಬ ಪದವಿತ್ತು. ಕೇಳಲು ಒರಟಾದರೂ ಅದರಲ್ಲಿ ಮೋಸವಿರಲಿಲ್ಲ.

ನಿರ್ವಹಣಾ ಶಾಸ್ತ್ರ ಈ ಕ್ಷೇತ್ರಕ್ಕೆ ಕಾಲಿಟ್ಟ ಬಗೆ ಕುತೂಹಲಕರ. 1972ರಲ್ಲಿ ಹಾರ್ವರ್ಡಿನ ಥಿಯೋಡರ್ ಲೆವಿಟ್, ಸೇವೆಯನ್ನೂ ಕಾರ್ಖಾನೆಯ ಉತ್ಪಾದನಾ ಸಾಲಿನಂತೆ ಸಂಘಟಿಸಬೇಕೆಂದು ವಾದಿಸಿದರು. ಅವರ ಮಾದರಿ ಮೆಕ್‌ಡೊನಾಲ್ಡ್ಸ್. ಭಾರತ ಮೂಲದ ಎ. ಪರಶುರಾಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1988ರಲ್ಲಿ ಸೇವೆಯ ಗುಣಮಟ್ಟವನ್ನು ಅಳೆಯಲು 22 ಅಂಶಗಳ ಪ್ರಶ್ನಾವಳಿಯನ್ನು ರೂಪಿಸಿದರು. ಅದು ಅಳೆಯುವ ಐದು ಗುಣಗಳಲ್ಲಿ ವಿಶ್ವಾಸಾರ್ಹತೆ, ಸ್ಪಂದನೆಗಳ ಜತೆ ಅನುಭೂತಿಯೂ ಒಂದು. ಉದ್ದೇಶ ಕೆಟ್ಟದ್ದಲ್ಲ. ಮಾತು ಕೊಟ್ಟ ದಿನ ಕೆಲಸ ಮಾಡಿಕೊಡದ ಬ್ಯಾಂಕಿನ ಎದುರು ಸಾಲಿನಲ್ಲಿ ನಿಂತವರಿಗೆ ಇಂಥ ಅಳತೆಗೋಲಿನ ಬೆಲೆ ತಿಳಿದಿದೆ. ಆದರೆ ಅಳೆಯಬಹುದಾದದ್ದನ್ನು ಆಜ್ಞಾಪಿಸಲೂಬಹುದು ಎಂಬುದು ಆಡಳಿತದ ಸ್ವಭಾವ. ಇನ್ನೊಬ್ಬರ ನೋವನ್ನು ತನ್ನದೆಂದು ತಿಳಿಯುವ ಗುಣ ಒಮ್ಮೆ ಪ್ರಶ್ನಾವಳಿಗೆ ಸೇರಿದರೆ, ಮರುದಿನ ಅದು ಸಿಬ್ಬಂದಿಯ ಮೇಲೆ ವಿಧಿಸುವ ಗುರಿಯಾಗುತ್ತದೆ.

ಇದರ ಬೆಲೆ ತೆರುವವರು ಯಾರು ಎಂದು ಮೊದಲು ಗಂಭೀರವಾಗಿ ವಿಚಾರಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1983ರಲ್ಲಿ ಬಂದ ಅವರ ‘ದ ಮ್ಯಾನೇಜ್ಡ್ ಹಾರ್ಟ್’ ಕೃತಿ ಡೆಲ್ಟಾ ವಿಮಾನ ಸಂಸ್ಥೆಯ ಗಗನಸಖಿಯರ ತರಬೇತಿಯನ್ನು ಹತ್ತಿರದಿಂದ ಕಂಡು ಬರೆದದ್ದು. ಅವರಿಗೆ ತುಟಿಯ ನಗುವಷ್ಟೇ ಸಾಲದು, ಒಳಗಿನಿಂದಲೇ ನಗು ಬರಬೇಕು. ಪ್ರಯಾಣಿಕ ಬೈದರೆ ಅವನನ್ನು ಮನೆಗೆ ಬಂದ ಅತಿಥಿಯೆಂದೋ ಹಟಮಾರಿ ಮಗುವೆಂದೋ ಭಾವಿಸಿಕೊಳ್ಳಬೇಕು. ಈ ಪುಸ್ತಕ ಪ್ರಸಿದ್ಧವಾದದ್ದು ಗಗನಸಖಿಯರಿಂದ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರ ಇನ್ನೊಂದು ಭಾಗ. ಹಾಕ್‌ಶೀಲ್ಡ್ ಸಾಲ ವಸೂಲಿಯವರನ್ನೂ ಅಧ್ಯಯನ ಮಾಡಿದ್ದರು. ಇವರ ಕೆಲಸಕ್ಕೆ ಬೇಕಾದದ್ದು ನಗುವಲ್ಲ, ಸಂಶಯ ಮತ್ತು ಬಿರುಸು. ಗ್ರಾಹಕನ ಮರ್ಯಾದೆಯನ್ನು ಉಬ್ಬಿಸುವುದು ಒಬ್ಬರ ವೃತ್ತಿಯಾದರೆ ಅದನ್ನು ತಗ್ಗಿಸುವುದು ಇನ್ನೊಬ್ಬರ ವೃತ್ತಿ.

ಈ ಎರಡು ಮುಖಗಳು ನಮ್ಮ ಊರುಗಳಲ್ಲೂ ಇವೆ. ಸಾಲ ಕೊಡುವ ದಿನ ಚಹಾ ತರಿಸಿ ಅಕ್ಕ, ಅಮ್ಮ ಎಂದು ಕರೆದ ಸಂಸ್ಥೆ ಕಂತು ತಪ್ಪಿದ ದಿನ ಇನ್ನೊಂದು ಬಾಯಿಯನ್ನು ಕಳುಹಿಸುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸೂಚಿಸಬೇಕಾಯಿತು. 2025ರ ಆರಂಭದಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳಕ್ಕೆ ಹಳ್ಳಿಗಳು ಕಂಗೆಟ್ಟಾಗ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಿತು. ನಗುವೂ ಬೈಗುಳವೂ ಒಂದೇ ಕಾರ್ಖಾನೆಯ ಸರಕು. ಬೈದ ಹುಡುಗನಿಗೆ ನಮ್ಮ ಮೇಲೆ ದ್ವೇಷವಿರಲಿಲ್ಲ. ನಕ್ಕವಳಿಗೆ ಪ್ರೀತಿಯೂ ಇರಲಿಲ್ಲ. ಆದರೂ ಮೊದಲನೆಯದನ್ನು ನಾಟಕವೆಂದು ಕ್ಷಮಿಸಲು ನಾವು ಸಿದ್ಧರಿಲ್ಲ, ಎರಡನೆಯದನ್ನು ನಿಜವೆಂದು ನಂಬಲು ಮಾತ್ರ ಹಾತೊರೆಯುತ್ತೇವೆ.

ಇಷ್ಟು ಹೇಳಿ, ಹಳೆಯ ಕಾಲದ ಅಂಗಡಿಗಳಲ್ಲಿ ಎಷ್ಟು ಆತ್ಮೀಯತೆಯಿತ್ತು, ಈಗ ಎಲ್ಲವೂ ಕೃತಕ ಎಂದು ಹಲುಬಿ ಮುಗಿಸುವುದು ಸುಲಭ. ನಾನು ಅದಕ್ಕೆ ತಯಾರಿಲ್ಲ. ಯಾರ ಪಾಲಿಗೆ ಆತ್ಮೀಯತೆಯಿತ್ತು? ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೊಡುತ್ತಿದ್ದ ಕಾಲವದು. 1957ರಲ್ಲಿ ಮದರಾಸಿನ ಹೋಟೆಲೊಂದರ ಫಲಕದಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ಪೆರಿಯಾರ್ ಚಳವಳಿ ನಡೆಸಬೇಕಾಯಿತು. ಹಳೆಯ ಅಂಗಡಿಯ ಯಜಮಾನ ಮುಖ ನೋಡಿ ಮಣೆ ಹಾಕುತ್ತಿದ್ದ. ಬುರ್ಖಾ ತೊಟ್ಟವಳು, ಮೀನಿನ ಬುಟ್ಟಿ ಇಳಿಸಿ ಬಂದವಳು, ಕೆಲಸದ ಬಟ್ಟೆಯಲ್ಲೇ ಬಂದ ಪೌರಕಾರ್ಮಿಕ, ಇವರಿಗೆಲ್ಲ ಅವನ ಆತ್ಮೀಯತೆ ಎಷ್ಟು ದಕ್ಕುತ್ತಿತ್ತು? ಇವತ್ತಿನ ಮಳಿಗೆಯಲ್ಲಿ ಬಾಗಿಲು ತೆರೆದು ‘ಬನ್ನಿ ಮೇಡಂ’ ಎನ್ನುವ ಹುಡುಗ ಅದನ್ನು ಎಲ್ಲರಿಗೂ ಹೇಳಬೇಕು, ಹಾಗೆಂದು ನಿಯಮವಿದೆ. ಅಭ್ಯಾಸದಿಂದ ಬಂದ ಆ ಕೃತಕ ಮರ್ಯಾದೆಯಲ್ಲಿ ಒಂದು ಸಮಾನತೆಯಿದೆ. ಹೃದಯದಿಂದ ಬರುವ ಮರ್ಯಾದೆ ಹೃದಯಕ್ಕೆ ಬೇಕಾದವರಿಗಷ್ಟೇ ಸಿಗುತ್ತದೆ ಎಂಬುದನ್ನು ಅಲ್ಪಸಂಖ್ಯಾತನಾಗಿ ಬದುಕಿದವನು ಬೇರೆಯವರಿಂದ ಕಲಿಯಬೇಕಿಲ್ಲ.

ಅದೂ ಅಲ್ಲದೆ, ನಟನೆಯೆಲ್ಲ ಸುಳ್ಳೂ ಅಲ್ಲ. ಮನೆಗೆ ನೆಂಟರು ಬಂದಾಗ ತಲೆನೋವಿದ್ದರೂ ನಗುತ್ತೇವೆ. ರಾತ್ರಿ ಪಾಳಿಯ ನರ್ಸ್ ತನ್ನ ಮಗುವಿನ ಜ್ವರವನ್ನು ಬದಿಗಿಟ್ಟು ರೋಗಿಗೆ ಧೈರ್ಯ ಹೇಳುತ್ತಾಳೆ. ಇದನ್ನು ಯಾರೂ ಕಪಟವೆನ್ನಲಾರರು. ಹಾಗಾದರೆ ಸೀರೆ ತೋರಿಸಿದ ಹುಡುಗಿಯ ನಗುವಿನಲ್ಲಿ ನಮ್ಮನ್ನು ಚುಚ್ಚುವುದೇನು?

ಆತಿಥ್ಯದಲ್ಲಿ ಅತಿಥಿಗೂ ಕರ್ತವ್ಯಗಳಿವೆ. ಸಾರಿಗೆ ಉಪ್ಪು ಹೆಚ್ಚಾದರೆ ಅವನು ಸುಮ್ಮನೆ ಉಣ್ಣುತ್ತಾನೆ, ಹೊತ್ತು ನೋಡಿ ಏಳುತ್ತಾನೆ, ನಾಳೆ ನಮ್ಮನ್ನೂ ಕರೆಯುತ್ತಾನೆ. ಉಪ್ಪಿನ ಋಣ ಎಂಬ ಮಾತು ಹುಟ್ಟಿದ್ದು ಅಲ್ಲಿ. ಗ್ರಾಹಕನಿಗೆ ಈ ಋಣವಿಲ್ಲ, ಬಿಲ್ಲು ಕೊಟ್ಟರೆ ಮುಗಿಯಿತು. ಇದೂ ಸಣ್ಣ ವರವಲ್ಲ. ಯಾರ ಹಂಗೂ ಇಲ್ಲದೆ ತನ್ನ ದುಡಿಮೆಯ ಹಣದಲ್ಲಿ ಪರೋಟ ತಿಂದು ಎದ್ದು ಹೋಗುವ ಕೂಲಿಯವನ ಸ್ವಾತಂತ್ರ್ಯವನ್ನು ನಾನು ಕಡಿಮೆಯೆಂದು ತಿಳಿಯುವುದಿಲ್ಲ. ಆದರೆ ಹಣ ನಮ್ಮನ್ನು ಋಣದಿಂದ ಬಿಡಿಸುತ್ತದೆಯೇ ಹೊರತು ಎದುರಿನವರನ್ನು ನಮ್ಮ ಋಣಕ್ಕೆ ದೂಡುವುದಿಲ್ಲ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಲೆಕ್ಕ ಸರಿಹೋಯಿತು, ಇಬ್ಬರೂ ಸಮಾನರಾದರು. ನಾವು ಮಾಡುವ ತಪ್ಪೆಂದರೆ ಲೆಕ್ಕ ಸರಿಹೋದ ಮೇಲೂ ನಮ್ಮ ಕಡೆ ಏನೋ ಬಾಕಿಯಿದೆ ಎಂದು ತಿಳಿಯುವುದು. ಆ ಬಾಕಿಯನ್ನು ಕೈಕಟ್ಟಿ ನಿಲ್ಲುವುದರಲ್ಲಿ, ‘ಸಾರಿ ಸರ್’ ಎಂಬುದರಲ್ಲಿ ವಸೂಲಿ ಮಾಡುತ್ತೇವೆ. ಗ್ರಾಹಕನ ಪಾತ್ರದಲ್ಲಿ ಹೊಕ್ಕು ಯಜಮಾನನ ಪಾತ್ರದಲ್ಲಿ ಹೊರಬರುತ್ತೇವೆ.

ಕಾನೂನು ಈ ಎರಡು ಪಾತ್ರಗಳನ್ನು ಬೆರೆಸಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉಚಿತ ಸೇವೆಯನ್ನು ಹೊರಗಿಟ್ಟಂತೆ, ಯಜಮಾನ–ಸೇವಕ ಸಂಬಂಧದ ವೈಯಕ್ತಿಕ ಸೇವೆಯ ಕರಾರನ್ನೂ ಹೊರಗಿಟ್ಟಿತ್ತು. ವೈದ್ಯರು ಈ ಕಾಯ್ದೆಗೆ ಒಳಪಡುತ್ತಾರೆಯೇ ಎಂಬ ಪ್ರಶ್ನೆ 1995ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯ ಈ ವ್ಯತ್ಯಾಸವನ್ನೇ ಎತ್ತಿ ಹೇಳಿತು. ಕೆಲಸ ಹೇಗೆ ಮಾಡಬೇಕೆಂಬುದರಲ್ಲೂ ಆಜ್ಞೆಗೆ ಒಳಪಟ್ಟವನದು ಒಂದು ಕರಾರು, ತನ್ನ ಪರಿಣತಿ ಮತ್ತು ವಿವೇಚನೆಯಿಂದ ಕೆಲಸ ಮಾಡಿಕೊಡುವವನದು ಇನ್ನೊಂದು. ಹಣ ಕೊಟ್ಟ ರೋಗಿ ಗ್ರಾಹಕ ನಿಜ, ಆದರೆ ವೈದ್ಯ ಅವನ ಆಳಲ್ಲ. ವೈದ್ಯರಿಗೆ ನ್ಯಾಯಾಲಯ ಗುರುತಿಸಿಕೊಟ್ಟ ಈ ಘನತೆಯನ್ನು ಸೀರೆ ತೋರಿಸುವವಳಿಗೂ ಊಟ ತರುವವನಿಗೂ ವಿಸ್ತರಿಸಲು ನಮಗೇನು ಅಡ್ಡಿ? ಅವಳಿಗೂ ಪರಿಣತಿಯಿದೆ. ಉಮ್ಮನ ಮೈಬಣ್ಣ ನೋಡಿ ಮೂರನೆಯ ಸೀರೆಯಲ್ಲೇ ಸರಿಯಾದದ್ದನ್ನು ಎತ್ತಿಕೊಟ್ಟಿದ್ದಳು. ನಾವೇ ಮತ್ತೆ ನಲವತ್ತು ತೆಗೆಸಿ ಕೊನೆಗೆ ಅದನ್ನೇ ಕೊಂಡೆವು.

ಯಜಮಾನಿಕೆಯ ಈ ಚಟವನ್ನು ಇಂದು ನಮ್ಮ ಕಿಸೆಯ ಫೋನು ಪೋಷಿಸುತ್ತಿದೆ. ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಒಂದು ರಾತ್ರಿ ಬಾಡಿಗೆ ಕಾರಿನ ಚಾಲಕ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ, ಚಿಲ್ಲರೆ ಕೇಳಿದಾಗ ಸಿಡುಕಿದ. ಇಳಿದ ಮೇಲೆ ಮೂರು ನಕ್ಷತ್ರ ಕೊಟ್ಟೆ. ಐದರಲ್ಲಿ ಮೂರು, ಪಾಸು ತಾನೆ ಎಂದುಕೊಂಡೆ. ಈ ವ್ಯವಸ್ಥೆಯಲ್ಲಿ ಮೂರೆಂದರೆ ನಪಾಸೆಂದು ತಿಳಿದದ್ದು ನಂತರ. ಅಮೆರಿಕದ ಹಲವು ನಗರಗಳಲ್ಲಿ ಸರಾಸರಿ 4.6ರ ಕೆಳಗಿಳಿದ ಊಬರ್ ಚಾಲಕರ ಖಾತೆಯೇ ಮುಚ್ಚಿಹೋಗುವ ಅಪಾಯವಿದ್ದುದು 2015ರ ಸುಮಾರಿಗೆ ವರದಿಯಾಗಿತ್ತು. ನಮ್ಮನ್ನು ನ್ಯಾಯಾಧೀಶರನ್ನಾಗಿ ಕೂರಿಸಲಾಗಿದೆ, ಆದರೆ ಶಿಕ್ಷೆಯ ಪ್ರಮಾಣವನ್ನು ನಮ್ಮಿಂದಲೇ ಮುಚ್ಚಿಡಲಾಗಿದೆ. ಮೇಲ್ವಿಚಾರಕನಿಗೆ ಸಂಬಳ ಕೊಡುವ ಬದಲು ಗ್ರಾಹಕನನ್ನೇ ಬಿಟ್ಟಿ ಮೇಲ್ವಿಚಾರಕನನ್ನಾಗಿ ಮಾಡಿಕೊಂಡ ಜಾಣತನ ಇದು. ಆ ಚಾಲಕ ಅಂದು ಎಷ್ಟು ಗಂಟೆಯಿಂದ ಗಾಡಿ ಓಡಿಸುತ್ತಿದ್ದ ಎಂದು ಕೇಳುವ ಜಾಗ ಫೋನಿನಲ್ಲಿರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ನಮ್ಮ ಸಣ್ಣ ಅಸಹನೆಗಳು ಸೇರಿ ಎಷ್ಟು ದೊಡ್ಡದಾಗುತ್ತವೆ ಎಂಬುದಕ್ಕೆ ಡಾಮಿನೋಸ್ ಪಿಜ್ಜಾದ ಕತೆ ಸಾಕು. ಅರ್ಧ ಗಂಟೆಯಲ್ಲಿ ತಲುಪಿಸುತ್ತೇವೆ ಎಂಬ ಅದರ ಭರವಸೆ ಅಮೆರಿಕದಲ್ಲಿ ಮನೆಮಾತಾಗಿತ್ತು. 1993ರಲ್ಲಿ ಸೇಂಟ್ ಲೂಯಿಯ ನ್ಯಾಯಮಂಡಳಿಯೊಂದು, ಪಿಜ್ಜಾ ತರುತ್ತಿದ್ದವನ ವಾಹನ ಬಡಿದು ಗಾಯಗೊಂಡ ಮಹಿಳೆಗೆ 7.8 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೊಡುವಂತೆ ತೀರ್ಪಿತ್ತಿತು. ಕಂಪೆನಿ ಆ ವರ್ಷವೇ ಅಲ್ಲಿ ತನ್ನ ಭರವಸೆಯನ್ನು ಕೈಬಿಟ್ಟಿತು. ಅದರಿಂದ ಯಾರು ಪಾಠ ಕಲಿತರೋ ಗೊತ್ತಿಲ್ಲ. ಮೂವತ್ತು ವರ್ಷಗಳ ನಂತರ ನಮ್ಮ ನಗರಗಳಲ್ಲಿ ಹತ್ತು ನಿಮಿಷಗಳ ಸ್ಪರ್ಧೆ ನಡೆಯಿತು. ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬರದಿದ್ದರೆ ಯಾವ ಮನೆಯ ಒಲೆ ಆರುತ್ತಿತ್ತು? 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿ, ಕಾರಣ ಕೊಡದೆ, 14 ದಿನಗಳ ನೋಟಿಸಿಲ್ಲದೆ ಅವರನ್ನು ತೆಗೆದುಹಾಕುವಂತಿಲ್ಲ ಎಂದಿತು. ಯಂತ್ರದ ಲೆಕ್ಕಾಚಾರ ತಮ್ಮ ದುಡಿಮೆಯನ್ನು ಹೇಗೆ ನಿಯಂತ್ರಿಸುತ್ತದೆಂದು ತಿಳಿಯುವ ಹಕ್ಕನ್ನೂ ಕೊಟ್ಟಿತು. ಒಳ್ಳೆಯ ಹೆಜ್ಜೆ. ಕಾನೂನು ಮಾಲಕನ ಕೈಯನ್ನು ಹಿಡಿಯಬಹುದು. ನಕ್ಷತ್ರ ಒತ್ತುವ ನಮ್ಮ ಬೆರಳನ್ನು ಹಿಡಿಯಲು ಅದಕ್ಕಾಗದು.

ಸೇವೆಯ ಸಂಬಂಧ ಬೇರೆ ರೀತಿಯಲ್ಲೂ ಇರಬಹುದು ಎನ್ನಲು ದೂರ ಹೋಗಬೇಕಿಲ್ಲ. 1928ರಲ್ಲಿ ಉಡುಪಿಯ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು, ಪಿಗ್ಮಿ ಯೋಜನೆಯನ್ನು ತಂದಾಗ ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಏಜೆಂಟ್ ಬರುತ್ತಿದ್ದ. ಅದೂ ವ್ಯಾಪಾರದ ತಂತ್ರವೇ. ಆದರೆ ನನ್ನ ಬಾಲ್ಯದಲ್ಲಿ ನಮ್ಮ ಓಣಿಗೆ ಬರುತ್ತಿದ್ದ ಪಿಗ್ಮಿಯ ಭಟ್ರು ಜಗಲಿಯಲ್ಲಿ ಕೂತು ನೀರು ಬೆಲ್ಲ ಕೇಳಿ ಪಡೆಯುತ್ತಿದ್ದರು, ಮನೆಯಲ್ಲಿ ಕಾಸಿಲ್ಲದ ದಿನ ಉಮ್ಮ ನಾಳೆ ಬನ್ನಿ ಎಂದರೆ ಗೊಣಗುತ್ತಲೂ ಇದ್ದರು. ಅವರಿಗೆ ಕೂರಲು ಜಾಗವಿತ್ತು, ಗೊಣಗಲು ಸ್ವಾತಂತ್ರ್ಯವಿತ್ತು. ಅವರು ನಕ್ಕಾಗ ಅದು ಅವರದೇ ನಗುವೆಂದು ನಮಗೆ ತಿಳಿಯುತ್ತಿದ್ದುದು ಅದರಿಂದಲೇ.

ನನ್ನ ಅಣ್ಣ ದುಬೈಯ ಹೋಟೆಲೊಂದರಲ್ಲಿ ಹತ್ತೊಂಬತ್ತು ವರ್ಷ ಬಡಿಸುವ ಕೆಲಸ ಮಾಡಿದ. ಊರಿಗೆ ಮರಳಿದ ಮೇಲೆ ನೆಂಟರು ಬಂದರೆ ಒಳಗೆ ಹೋಗಿ ಕೂರುತ್ತಿದ್ದ. ಗಲ್ಫಿನ ಅಹಂಕಾರ ಎಂದರು ಕೆಲವರು. ಒಂದು ದಿನ ಅವನೇ ಹೇಳಿದ: “ಅಲ್ಲಿ ನಕ್ಕು ನಕ್ಕು, ಇಲ್ಲಿ ನಗುವಾಗ ಇದು ನನ್ನದೋ ಅವರದ್ದೋ ಗೊತ್ತಾಗುದಿಲ್ಲ ಮಾರಾಯ.” ತಂದೆ ತೀರಿಕೊಂಡ ಸುದ್ದಿ ಅವನಿಗೆ ಮುಟ್ಟಿದ್ದು ಒಂದು ಸಂಜೆ; ವಿಮಾನದ ಟಿಕೇಟು ಸಿಕ್ಕಿದ್ದು ಮರುದಿನಕ್ಕೆ. ಆ ರಾತ್ರಿ ಯಾರದೋ ಮದುವೆಯ ಔತಣಕ್ಕೆ ಅವನು ಬಡಿಸಿದ. ರಜೆ ಕೇಳಲಿಲ್ಲವೇ ಎಂದು ನಾನು ಕೇಳಿದೆ. ಕೇಳಿದ್ದನಂತೆ, ಸಿಗಲಿಲ್ಲ. ಆ ಮದುವೆಯವರು ಕೆಟ್ಟವರಲ್ಲ, ಟಿಪ್ಸ್ ಕೂಡ ಚೆನ್ನಾಗಿ ಕೊಟ್ಟರು ಎಂದ. ಅವರಿಗೆ ಗೊತ್ತಾಗಿದ್ದರೆ ಅವನನ್ನು ಕೂರಿಸಿ ಸಮಾಧಾನ ಹೇಳುತ್ತಿದ್ದರೋ ಏನೋ. ಗೊತ್ತಾಗದಂತೆ ನೋಡಿಕೊಳ್ಳುವುದೇ ಅವನ ಕೆಲಸದ ಮುಖ್ಯ ಭಾಗವಾಗಿತ್ತು. ಇನ್ನೊಬ್ಬರನ್ನು ನೋಡಿ ನಗುವುದನ್ನು ದಾನಗಳ ಸಾಲಿಗೆ ಸೇರಿಸಿದ ಪ್ರವಾದಿ ಬೋಧನೆಯನ್ನು ಕೇಳುತ್ತಾ ಬೆಳೆದ ಮನೆ ನಮ್ಮದು. ಕೈಯಲ್ಲಿ ಕಾಸಿಲ್ಲದವನೂ ಕೊಡಬಹುದಾದ ದಾನ ಅದು. ಅವನ ಕೈಯಿಂದ ಅದೂ ಹೋಗಿತ್ತು.

ಸೀರೆ ಅಂಗಡಿಯ ಕತೆಯಲ್ಲಿ ಒಂದನ್ನು ಹೇಳದೆ ಬಿಟ್ಟಿದ್ದೇನೆ. ಹಣ ಕಟ್ಟಿ ಹೊರಬರುವಲ್ಲಿ ಒಂದು ಪರದೆಯಿತ್ತು, ಅದರ ಮೇಲೆ ಅಳುವುದರಿಂದ ನಗುವವರೆಗೆ ಐದು ಮುಖಗಳು. ಇದೇನೆಂದು ಉಮ್ಮ ಕೇಳಿದರು. ಆ ಹುಡುಗಿಯ ಕೆಲಸ ಹೇಗಿತ್ತೆಂದು ನಾವು ತಿಳಿಸಬೇಕಂತೆ ಎಂದೆ. ಉಮ್ಮ ಕನ್ನಡಕ ಸರಿಮಾಡಿಕೊಂಡು ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ಅವಳಿಗೆ ಕೂರಲಿಕ್ಕೆ ಒಂದು ಸ್ಟೂಲು ಕೊಡಿ ಅಂತ ಬರಿ ಇದರಲ್ಲಿ” ಎಂದರು. ನಾನು ಹುಡುಕಿದೆ. ಬರೆಯಲು ಜಾಗವಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ನಗುವ ಮುಖವನ್ನು ಒತ್ತಿ ಹೊರಬಂದೆವು.